ಆಯ್ಕೆ ಸಮಿತಿಗಳಿಗೆ ಒಂದು ಬಹಿರಂಗ ಪತ್ರ: ಪ್ರಬಂಧಗಳನ್ನು ಎಣಿಸಬೇಡಿ, ಓದಿ

ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ, ಸಂಶೋಧನೆಗೆ ಅನುದಾನ ನೀಡುವ ಸಂಸ್ಥೆಗಳ ಮುಖ್ಯಸ್ಥರಿಗೆ, ನೇಮಕಾತಿ ಮತ್ತು ಬಡ್ತಿ ಸಮಿತಿಗಳಲ್ಲಿ ಕುಳಿತಿರುವ ಹಿರಿಯರಿಗೆ,

ಮಾನ್ಯರೇ,

ಸಂಶೋಧನಾ ಪ್ರಕಟಣೆ ಹದಗೆಟ್ಟಿದೆ ಎಂಬ ಮಾತು ಬಂದಾಗಲೆಲ್ಲ ಎಲ್ಲರೂ ಪ್ರಕಾಶಕರ ಕಡೆಗೆ ಬೆರಳು ತೋರಿಸುತ್ತಾರೆ. ಅವರು ಉತ್ತರಿಸಬೇಕಾದ ಪ್ರಶ್ನೆಗಳು ಬಹಳಷ್ಟಿವೆ, ಅವುಗಳನ್ನು ಈ ಪತ್ರದಲ್ಲೂ ಎತ್ತುತ್ತೇನೆ. ಆದರೂ ಪತ್ರವನ್ನು ನಿಮ್ಮ ವಿಳಾಸಕ್ಕೇ ಬರೆಯುತ್ತಿದ್ದೇನೆ. ವಿಪರೀತ ಶುಲ್ಕ, ಕಾರ್ಖಾನೆಯಲ್ಲಿ ತಯಾರಾದಂತಹ ನಕಲಿ ಪ್ರಬಂಧಗಳು, ಪ್ರಕಟಣೆಗೆ ಮೊದಲು ಪ್ರಬಂಧ ಓದಿ ತೂಗುವ, ಕೆಲಸದ ಹೊರೆಯಲ್ಲಿ ಸೋತುಹೋದ ಪರಿಶೀಲಕರು, ಯಂತ್ರ ಬರೆದು ಮನುಷ್ಯ ಸಹಿ ಹಾಕಿದ ಬರಹ, ಇವುಗಳ ಜಾಡು ಹಿಡಿದು ಹೊರಟರೆ ಕೊನೆಗೆ ತಲುಪುವುದು ನಿಮ್ಮ ಕಚೇರಿಯಿಂದ ಹೊರಡುವ ಒಂದು ಅರ್ಜಿ ನಮೂನೆಗೆ.

ಆ ನಮೂನೆಯನ್ನು ನೀವು ನೋಡಿಯೇ ಇರುತ್ತೀರಿ. ಕ್ರಮಸಂಖ್ಯೆ, ಪ್ರಬಂಧದ ಶೀರ್ಷಿಕೆ, ಜರ್ನಲ್‌ನ ಹೆಸರು, ಅದರ ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಬರಹಗಳಿಗೆ ಸಿಗುವ ಉಲ್ಲೇಖಗಳ ಸರಾಸರಿ), ಲೇಖಕರ ಸಾಲಿನಲ್ಲಿ ಅಭ್ಯರ್ಥಿಯ ಸ್ಥಾನ, ಬಲತುದಿಯಲ್ಲಿ ಅಂಕ. ಕೊನೆಯ ಸಾಲಿನಲ್ಲಿ ಒಟ್ಟು. ಅಭ್ಯರ್ಥಿ ಕಂಡುಕೊಂಡದ್ದೇನು, ಅದನ್ನು ಬೇರೆಯವರು ಮತ್ತೆ ಮಾಡಿ ನೋಡಿದಾಗ ನಿಂತಿತೇ, ಮಾಡಿದ ತಪ್ಪನ್ನು ಅವರೇ ಎಂದಾದರೂ ತಿದ್ದಿಕೊಂಡರೇ ಎಂದು ಕೇಳುವ ಕಾಲಂ ಅದರಲ್ಲಿ ಇಲ್ಲ. ಇಂತಹ ಒಂದು ಸಮಿತಿಯಲ್ಲಿ ನಾನೂ ಕುಳಿತಿದ್ದೆ. ಕಡತಗಳು ಮೇಜಿಗೆ ಬರುವ ಮೊದಲೇ ಕಚೇರಿಯವರು ಅಂಕಗಳನ್ನು ಕೂಡಿಸಿ, ಹೆಸರುಗಳನ್ನು ಇಳಿಕೆ ಕ್ರಮದಲ್ಲಿ ಬರೆದಿಟ್ಟಿದ್ದರು. ಪ್ರಬಂಧಗಳ ಪ್ರತಿಗಳು ಹಿಂದಿನ ಮೇಜಿನ ಮೇಲೆ ದಾರ ಕಟ್ಟಿದಂತೆಯೇ ಇದ್ದವು. ಒಬ್ಬ ಅಭ್ಯರ್ಥಿ ಒಂದೇ ಪ್ರಶ್ನೆಯ ಬೆನ್ನು ಬಿದ್ದು ವರ್ಷಗಟ್ಟಲೆ ಕೆಲಸ ಮಾಡಿದ್ದರು. ಅವರ ಹೆಸರು ಪಟ್ಟಿಯ ಕೆಳಗಿತ್ತು. ಆ ದಾರವನ್ನು ಬಿಚ್ಚಿ ನೋಡೋಣ ಎಂದು ಕೇಳಿದಾಗ, ಸಮಯ ಸಾಲದು ಎಂಬ ಉತ್ತರ ಬಂತು.

ಸಮಯದ ಅಭಾವ ಸುಳ್ಳಲ್ಲ. ಅರ್ಜಿಗಳು ರಾಶಿ ಬೀಳುತ್ತವೆ, ಸಮಿತಿಯಲ್ಲಿರುವವರಿಗೆ ತಮ್ಮ ಪಾಠ, ತಮ್ಮ ಪ್ರಯೋಗಾಲಯ ಇರುತ್ತದೆ. ಅಂಕಿಗಳ ಮೊರೆ ಹೋದರೆ ಪಕ್ಷಪಾತದ ಆರೋಪದಿಂದಲೂ ಪಾರಾಗಬಹುದು. ಆದರೆ ನೀವು ನೆಚ್ಚಿಕೊಂಡಿರುವ ಅಂಕಿ ಹುಟ್ಟಿದ್ದು ಬೇರೆಯದೇ ಉದ್ದೇಶಕ್ಕೆ. ಒಂದು ಪ್ರಬಂಧವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರು ಎಂಬ ಸೂಚಿಯೊಂದು ಬೇಕೆಂದು ಮಾಹಿತಿ ವಿಜ್ಞಾನಿ ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ಪ್ರಸ್ತಾಪಿಸಿದರು. 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರಬಂತು. ಆ ಸೂಚಿಗೆ ಯಾವ ಜರ್ನಲ್‌ಗಳನ್ನು ಸೇರಿಸಬೇಕೆಂದು ಆರಿಸಿಕೊಳ್ಳಲು ಮಾಡಿಕೊಂಡ ಲೆಕ್ಕವೇ ಇಂಪ್ಯಾಕ್ಟ್ ಫ್ಯಾಕ್ಟರ್. ಹಿಂದಿನ ಎರಡು ವರ್ಷಗಳಲ್ಲಿ ಒಂದು ಜರ್ನಲ್ ಪ್ರಕಟಿಸಿದ ಬರಹಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಸಿಕ್ಕಿತು ಎಂಬುದಷ್ಟೇ ಅದರಲ್ಲಿರುವುದು. ಯಾವುದೇ ಜರ್ನಲ್‌ನಲ್ಲಿ ಬೆರಳೆಣಿಕೆಯ ಪ್ರಬಂಧಗಳು ಉಲ್ಲೇಖಗಳ ಬಹುಪಾಲನ್ನು ಬಾಚಿಕೊಳ್ಳುತ್ತವೆ, ಉಳಿದವು ಸರಾಸರಿಗಿಂತ ಎಷ್ಟೋ ಕೆಳಗಿರುತ್ತವೆ. ಹೀಗಾಗಿ ಜರ್ನಲ್‌ನ ಸರಾಸರಿಯಿಂದ ಅದರೊಳಗಿನ ಒಂದು ಪ್ರಬಂಧದ ಯೋಗ್ಯತೆ ತಿಳಿಯುವುದಿಲ್ಲ, ಅದನ್ನು ಬರೆದವರ ಯೋಗ್ಯತೆಯಂತೂ ತಿಳಿಯುವುದೇ ಇಲ್ಲ. 2012ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು ಮತ್ತು ಪ್ರಕಾಶಕರು ರೂಪಿಸಿದ, 'ಡೋರಾ' ಎಂದು ಹೆಸರಾದ ಘೋಷಣೆ ಹೇಳಿದ್ದೂ ಇದನ್ನೇ: ನೇಮಕಾತಿ, ಬಡ್ತಿ, ಅನುದಾನದ ತೀರ್ಮಾನಗಳಲ್ಲಿ ಈ ಅಂಕಿಯನ್ನು ಬಳಸಬೇಡಿ. ಆ ಘೋಷಣೆಗೆ ಸಹಿ ಹಾಕಿದ ಸಂಸ್ಥೆಗಳಲ್ಲೂ ಹಳೆಯ ನಮೂನೆ ಹಾಗೆಯೇ ಓಡಾಡುತ್ತಿರುವುದನ್ನು ನಾನು ಕಂಡಿದ್ದೇನೆ. ಇದು ನನಗೆ ನೋವಿನ ಸಂಗತಿ.

ಎಣಿಕೆಗೆ ಬೆಲೆ ಬಂದಲ್ಲಿ ಎಣಿಕೆಗೆಂದೇ ಸರಕು ತಯಾರಾಗುತ್ತದೆ. ಇಂದು ಹಣ ಕೊಟ್ಟರೆ ಪ್ರಬಂಧ ಬರೆಸಿಕೊಡುವ, ಲೇಖಕರ ಸಾಲಿನಲ್ಲಿ ಜಾಗ ಮಾರುವ ವ್ಯಾಪಾರ ನಡೆಯುತ್ತಿದೆ. ಅದನ್ನು ಪೇಪರ್ ಮಿಲ್ ಎಂದು ಕರೆಯುತ್ತಾರೆ. ಮೊದಲ ಹೆಸರಿಗೆ ಒಂದು ದರ, ನಾಲ್ಕನೆಯ ಹೆಸರಿಗೆ ಇನ್ನೊಂದು ದರ. ವೈಲಿ ಸಂಸ್ಥೆ 2021ರಲ್ಲಿ ಕೊಂಡುಕೊಂಡ ಹಿಂದಾವಿ ಪ್ರಕಾಶನದಲ್ಲಿ ಏನಾಯಿತೆಂಬುದು ಎಲ್ಲರಿಗೂ ಗೊತ್ತಿರಬೇಕಾದ ಕಥೆ. ಅತಿಥಿ ಸಂಪಾದಕರ ಕೈಗೆ ಒಪ್ಪಿಸಿದ ವಿಶೇಷ ಸಂಚಿಕೆಗಳ ಮೂಲಕ ಇಂತಹ ಸರಕು ಹೊಳೆಯಾಗಿ ಒಳಗೆ ಹರಿಯಿತು. 2023ರಲ್ಲಿ ಆ ಒಂದೇ ಪ್ರಕಾಶನ 8,000ಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂಪಡೆಯಬೇಕಾಯಿತು, ಅಂದರೆ ನಂಬಲರ್ಹವಲ್ಲವೆಂದು ರದ್ದುಮಾಡಬೇಕಾಯಿತು. ಆ ವರ್ಷ ಜಗತ್ತಿನಾದ್ಯಂತ ಹಿಂಪಡೆದ ಪ್ರಬಂಧಗಳು 10,000 ದಾಟಿದವು. ಹಿಂದಾವಿ ಎಂಬ ಹೆಸರನ್ನೇ ವೈಲಿ ಕೈಬಿಟ್ಟಿತು.

ಈ ಸರಕನ್ನು ಒಮ್ಮೆ ಹತ್ತಿರದಿಂದ ನೋಡಿ. ಕೃತಿಚೌರ್ಯ ಪತ್ತೆ ಮಾಡುವ ತಂತ್ರಾಂಶದ ಕಣ್ಣು ತಪ್ಪಿಸಲು ಬೇರೆಯವರ ವಾಕ್ಯಗಳನ್ನು ಯಂತ್ರಕ್ಕೆ ಕೊಟ್ಟು ಪದಗಳನ್ನು ಅದಲುಬದಲು ಮಾಡಿಸುತ್ತಾರೆ. ಫ್ರಾನ್ಸ್‌ನ ಕಂಪ್ಯೂಟರ್ ವಿಜ್ಞಾನಿ ಗೀಯೋಮ್ ಕಬಾನಾಕ್ ಮತ್ತು ಅವರ ಜೊತೆಗಾರರು 2021ರಲ್ಲಿ ಇಂತಹ ಪ್ರಬಂಧಗಳನ್ನು ಹೆಕ್ಕಿ ತೆಗೆದರು. ಕೃತಕ ಬುದ್ಧಿಮತ್ತೆ ಇರಬೇಕಾದಲ್ಲಿ 'ಖೋಟಾ ಪ್ರಜ್ಞೆ' ಎಂಬ ಅರ್ಥದ ಇಂಗ್ಲಿಷ್ ಪದಗಳಿದ್ದವು. ಸ್ತನ ಕ್ಯಾನ್ಸರ್ ಇರಬೇಕಾದಲ್ಲಿ 'ಎದೆಯ ಗಂಡಾಂತರ' ಎಂಬಂತಹ ಮಾತಿತ್ತು. ಇವು ಸಂಪಾದಕರನ್ನೂ ಪರಿಶೀಲಕರನ್ನೂ ದಾಟಿ ಅಚ್ಚಾಗಿದ್ದವು. ಒಬ್ಬರಾದರೂ ಕೂತು ಒಂದು ಪುಟ ಓದಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ಆ ಪ್ರಬಂಧಗಳನ್ನು ಬರೆದವರಿಗೂ ಓದುಗರು ಬೇಕಿರಲಿಲ್ಲ. ನಿಮ್ಮ ನಮೂನೆಯ ಒಂದು ಸಾಲು ತುಂಬಿದರೆ ಸಾಕಿತ್ತು.

ಚಿತ್ರಗಳ ಮೋಸ ಇನ್ನೂ ಸೂಕ್ಷ್ಮ. ಒಮ್ಮೆ ಪರಿಶೀಲನೆಗೆ ಬಂದ ಹಸ್ತಪ್ರತಿಯೊಂದರಲ್ಲಿ ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್ ಚಿತ್ರಗಳಿದ್ದವು. ಬಿಳಿ ಹಿನ್ನೆಲೆಯಲ್ಲಿ ಕಪ್ಪು ಪಟ್ಟಿಗಳು, ನೋಡಲು ಎಲ್ಲವೂ ಒಂದೇ ಬಗೆ. ಎರಡನೆಯ ಚಿತ್ರದ ಒಂದು ಪಟ್ಟಿಯ ಬಲತುದಿಯಲ್ಲಿ ಸಣ್ಣದೊಂದು ಚುಕ್ಕೆ ಇತ್ತು, ಅದರ ಮೇಲೆ ಕೂದಲೆಳೆಯಂತಹ ಗೀರು. ಐದನೆಯ ಚಿತ್ರದಲ್ಲಿ, ಬೇರೊಂದು ಪ್ರೋಟೀನಿನದೆಂದು ಬರೆದಿದ್ದ ಪಟ್ಟಿಯ ಎಡತುದಿಯಲ್ಲಿ ಅದೇ ಚುಕ್ಕೆ, ಅದೇ ಗೀರು. ಚಿತ್ರವನ್ನು ಕನ್ನಡಿಯಲ್ಲಿ ಹಿಡಿದಂತೆ ತಿರುಗಿಸಿ ಅಂಟಿಸಿದ್ದರು. ಎರಡನ್ನೂ ಪರದೆಯಲ್ಲಿ ಅಕ್ಕಪಕ್ಕ ಇಟ್ಟು ಬೆಳಕು ಹೆಚ್ಚುಕಡಿಮೆ ಮಾಡಿ ನೋಡಿ, ಗುರುತು ಹಾಕಿ ಸಂಪಾದಕರಿಗೆ ಬರೆದೆ. ಅವರು ಹಸ್ತಪ್ರತಿಯನ್ನು ತಿರಸ್ಕರಿಸಿದರು. ಕೆಲವು ತಿಂಗಳ ಬಳಿಕ ಅದೇ ಚುಕ್ಕೆ, ಅದೇ ಗೀರು ಇನ್ನೊಂದು ಜರ್ನಲ್‌ನಲ್ಲಿ ಅಚ್ಚಾಗಿ ಬಂದಿತ್ತು. ಸೂಕ್ಷ್ಮಜೀವಿ ವಿಜ್ಞಾನಿ ಎಲಿಸಬೆತ್ ಬಿಕ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20,621 ಪ್ರಬಂಧಗಳ ಚಿತ್ರಗಳನ್ನು ಕಣ್ಣಿನಿಂದಲೇ ಪರಿಶೀಲಿಸಿದ್ದರು. ಸುಮಾರು ನೂರಕ್ಕೆ ನಾಲ್ಕರಲ್ಲಿ ಇಂತಹ ಪುನರಾವರ್ತನೆ ಸಿಕ್ಕಿತು. ಆ ನಾಲ್ಕೂ ವಂಚನೆಯೇ ಎಂದು ಹೇಳಲಾಗದು, ಕಡತ ಹೆಸರಿಸುವಾಗ ಆದ ಅಚಾತುರ್ಯವೂ ಇರಬಹುದು. ಆದರೆ ಚಿತ್ರ ನೋಡಿ ಔಷಧಿಯ ಬಗ್ಗೆ ತೀರ್ಮಾನ ಮಾಡುವವರಿಗೆ ಕಾರಣ ಯಾವುದಾದರೂ ಫಲ ಒಂದೇ.

ಹಾಗೆ ನುಸುಳಿದ್ದನ್ನು ತೆಗೆದುಹಾಕುವ ಕೆಲಸ ಆಮೆವೇಗದ್ದು. ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಲು ಕಾರಣವಾದ ಆಂಡ್ರೂ ವೇಕ್‌ಫೀಲ್ಡ್ ಅವರ ಪ್ರಬಂಧ ವೈದ್ಯಕೀಯ ಜರ್ನಲ್ ಲ್ಯಾನ್ಸೆಟ್‌ನಲ್ಲಿ ಬಂದದ್ದು 1998ರಲ್ಲಿ, ಹಿಂಪಡೆದದ್ದು 2010ರಲ್ಲಿ. ನಡುವಿನ 12 ವರ್ಷಗಳಲ್ಲಿ ಎಷ್ಟೋ ಪೋಷಕರು ಮಕ್ಕಳಿಗೆ ಲಸಿಕೆ ಹಾಕಿಸಲು ಹೆದರಿದರು. ಅದೇ ಜರ್ನಲ್‌ನಲ್ಲಿ 2020ರ ಮೇ ತಿಂಗಳಲ್ಲಿ ಬಂದ, ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧಿ ಕೊಡುವ ಕುರಿತ ಪ್ರಬಂಧ ಎರಡೇ ವಾರಗಳಲ್ಲಿ ಹಿಂದಕ್ಕೆ ಹೋಯಿತು. ಅದಕ್ಕೆ ಕಾರಣ, ಜಗತ್ತಿನ ನೂರಾರು ಕಣ್ಣುಗಳು ಅದರ ದತ್ತಾಂಶದ ಮೇಲೆ ನೆಟ್ಟಿದ್ದವು. ಸಾಮಾನ್ಯ ಪ್ರಬಂಧಗಳಿಗೆ ಆ ಭಾಗ್ಯವಿಲ್ಲ. ಹಿಂಪಡೆದ ಮೇಲೂ ಅವುಗಳನ್ನು ಉಲ್ಲೇಖಿಸುವವರಿದ್ದಾರೆ. 2023ರಿಂದ, ಹಿಂಪಡೆದ ಪ್ರಬಂಧಗಳ ಲೆಕ್ಕ ಇಡುವ ರಿಟ್ರಾಕ್ಷನ್ ವಾಚ್‌ನ ದತ್ತಸಂಚಯವನ್ನು ಕ್ರಾಸ್‌ರೆಫ್ ಸಂಸ್ಥೆ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ನಿಮ್ಮ ಕಚೇರಿಯಲ್ಲಿ ಅಂಕ ಕೂಡಿಸುವವರು ಅದನ್ನೂ ತೆರೆದು ನೋಡಬಹುದಲ್ಲವೇ? ತನ್ನ ಪ್ರಬಂಧದಲ್ಲಿ ತಪ್ಪು ಕಂಡು ತಾನೇ ಮುಂದೆ ಬಂದು ಹಿಂಪಡೆದವರಿಗೆ ಅಲ್ಲಿ ಗೌರವವೂ ಸಿಗಬೇಕು. ಇಂದು ಅವರಿಗೆ ಸಿಗುವುದು ಅವಮಾನ ಮಾತ್ರ, ಹಾಗಾಗಿ ತಪ್ಪು ಗೊತ್ತಿದ್ದವರೂ ಸುಮ್ಮನಿರುತ್ತಾರೆ.

ಇನ್ನು ಹಣದ ವಿಚಾರ. 1665ರಲ್ಲಿ ಪ್ಯಾರಿಸ್ ಮತ್ತು ಲಂಡನ್‌ಗಳಲ್ಲಿ ಮೊದಲ ಜರ್ನಲ್‌ಗಳು ಹೊರಟಾಗ ಮುದ್ರಣ ಮತ್ತು ಅಂಚೆಗೆ ನಿಜವಾದ ಖರ್ಚಿತ್ತು. ಈಗಲೂ ಖರ್ಚಿದೆ. ಸಂಪಾದನೆ, ವಿನ್ಯಾಸ, ಸಂಗ್ರಹಣೆ, ವಂಚನೆ ಪತ್ತೆ, ಯಾವುದೂ ಪುಕ್ಕಟೆ ಆಗುವುದಿಲ್ಲ. ಆದರೆ ಬರೆಯುವವರು ಸಂಭಾವನೆ ಪಡೆಯುವುದಿಲ್ಲ, ಪರಿಶೀಲಿಸುವವರೂ ಪಡೆಯುವುದಿಲ್ಲ. 2020 ಒಂದೇ ವರ್ಷದಲ್ಲಿ ಪರಿಶೀಲಕರು ಹೀಗೆ ಕೊಟ್ಟ ಸಮಯ 10 ಕೋಟಿ ಗಂಟೆಗಳನ್ನು ಮೀರುತ್ತದೆ ಎಂಬ ಅಂದಾಜಿದೆ. ಆ ಗಂಟೆಗಳ ಸಂಬಳ ಕೊಟ್ಟವರು ನೀವು, ಅಂದರೆ ವಿಶ್ವವಿದ್ಯಾಲಯಗಳು. ಬಳಿಕ ಅದೇ ಬರಹವನ್ನು ಓದಲು ಚಂದಾ ಕಟ್ಟುವವರೂ ನೀವೇ. 2013ರ ಹೊತ್ತಿಗೆ ಜಗತ್ತಿನ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚು ಐದು ಪ್ರಕಾಶನ ಸಂಸ್ಥೆಗಳ ಕೈಯಲ್ಲಿದ್ದವು. ಚೌಕಾಶಿಗೆ ಎದುರಾಳಿಗಳು ಇಷ್ಟು ಕಡಿಮೆ ಇದ್ದಾಗ ಗ್ರಂಥಾಲಯಗಳ ಮಾತು ನಡೆಯುವುದು ಕಷ್ಟ.

2002ರ ಬುಡಾಪೆಸ್ಟ್ ಘೋಷಣೆ ಕೇಳಿದ್ದು ಸರಳವಾದದ್ದು: ಸಂಶೋಧನೆ ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಉಚಿತವಾಗಿ ಓದಲು ಸಿಗಬೇಕು. ಆ ಬೇಡಿಕೆಯನ್ನು ದೊಡ್ಡ ಪ್ರಕಾಶಕರು ಒಪ್ಪಿದರು, ಆದರೆ ಓದುಗರಿಂದ ಪಡೆಯುತ್ತಿದ್ದ ಹಣವನ್ನು ಬರೆಯುವವರಿಂದ ಪಡೆಯತೊಡಗಿದರು. 2021ರ ಆರಂಭದಲ್ಲಿ ಹೆಸರಾಂತ ವಿಜ್ಞಾನ ಜರ್ನಲ್ ನೇಚರ್ ತನ್ನಲ್ಲಿ ಒಂದು ಪ್ರಬಂಧವನ್ನು ಮುಕ್ತವಾಗಿ ಪ್ರಕಟಿಸಲು ನಿಗದಿ ಮಾಡಿದ ಶುಲ್ಕ 9,500 ಯೂರೋ. ಅನುದಾನದ ಬಲ ಇರುವ ಪ್ರಯೋಗಾಲಯಕ್ಕೆ ಇದು ಖರ್ಚಿನ ಒಂದು ಬಾಬತ್ತು. ಅನುದಾನವಿಲ್ಲದ ಸಂಶೋಧಕರಿಗೆ, ಹಣ ಹುಟ್ಟದ ಮಾನವಿಕ ವಿಷಯಗಳವರಿಗೆ ಬಾಗಿಲು ಮುಚ್ಚಿದಂತೆಯೇ. ರಿಯಾಯಿತಿ ಇದೆ ಎನ್ನುತ್ತಾರೆ. ತನ್ನ ಸಂಶೋಧನೆಯನ್ನು ಲೋಕಕ್ಕೆ ತಿಳಿಸಲು ಬಡತನದ ಪ್ರಮಾಣಪತ್ರ ಹಿಡಿದು ನಿಲ್ಲುವ ಸ್ಥಿತಿ ಯಾವ ವಿದ್ವಾಂಸರಿಗೂ ಬರಬಾರದು. ಶುಲ್ಕದ ವ್ಯವಸ್ಥೆಯಲ್ಲಿ ಇನ್ನೊಂದು ಕೇಡಿದೆ: ಒಪ್ಪಿಕೊಂಡಷ್ಟೂ ಆದಾಯ ಬರುವಾಗ ತಿರಸ್ಕರಿಸುವ ಸಂಪಾದಕರು ಸಂಸ್ಥೆಗೆ ನಷ್ಟವಾಗಿ ಕಾಣುತ್ತಾರೆ. ಹಿಂದಾವಿಯ ವಿಶೇಷ ಸಂಚಿಕೆಗಳ ಹಿಂದೆ ಇದ್ದದ್ದೂ ಇದೇ ಲೆಕ್ಕಾಚಾರ ಎಂದು ನಾನು ನಂಬುತ್ತೇನೆ.

ಬೇರೆ ದಾರಿ ಇಲ್ಲವೆಂದಲ್ಲ. ಓದುಗರಿಂದಲೂ ಲೇಖಕರಿಂದಲೂ ಹಣ ಪಡೆಯದ ಜರ್ನಲ್‌ಗಳಿಗೆ ಡೈಮಂಡ್ ಮುಕ್ತ ಪ್ರಕಟಣೆ ಎನ್ನುತ್ತಾರೆ. ಬ್ರೆಜಿಲ್‌ನಲ್ಲಿ 1990ರ ದಶಕದ ಕೊನೆಯಲ್ಲಿ ಶುರುವಾದ ಸೈಎಲೊ, ನಂತರ ಮೆಕ್ಸಿಕೋದಲ್ಲಿ ಹುಟ್ಟಿದ ರೆಡಾಲಿಕ್ ಜಾಲಗಳು ಸಾರ್ವಜನಿಕ ಹಣದಲ್ಲಿ ಜರ್ನಲ್‌ಗಳನ್ನು ಎಲ್ಲರಿಗೂ ತೆರೆದಿಟ್ಟಿವೆ. ಇಂಗ್ಲಿಷ್ ಅಲ್ಲದ ಭಾಷೆಗಳ ಸಂಶೋಧನೆಗೂ ಅಲ್ಲಿ ಮರ್ಯಾದೆಯ ಸ್ಥಾನವಿದೆ. ಯಂತ್ರಕಲಿಕೆಯ ವಿದ್ವಾಂಸರು 2001ರಲ್ಲಿ ವಾಣಿಜ್ಯ ಜರ್ನಲ್ ಒಂದರ ಸಂಪಾದಕ ಮಂಡಳಿಯಿಂದ ಹೊರಬಂದು ಆಗಷ್ಟೇ ಶುರುವಾಗಿದ್ದ ತಮ್ಮದೇ ಉಚಿತ ಜರ್ನಲ್ ಅನ್ನು ಬೆಳೆಸಿದರು, ಅದು ಇಂದು ಆ ಕ್ಷೇತ್ರದ ಮುಂಚೂಣಿಯಲ್ಲಿದೆ. 2015ರಲ್ಲಿ ಭಾಷಾವಿಜ್ಞಾನದ ಜರ್ನಲ್ ಲಿಂಗ್ವಾದ ಸಂಪಾದಕರು ರಾಜೀನಾಮೆ ಕೊಟ್ಟು ಗ್ಲೊಸಾ ಶುರುಮಾಡಿದರು. 2023ರ ಏಪ್ರಿಲ್‌ನಲ್ಲಿ ಮಿದುಳಿನ ಚಿತ್ರಣದ ಜರ್ನಲ್ ನ್ಯೂರೋಇಮೇಜ್‌ನ ಸಂಪಾದಕರೆಲ್ಲರೂ, ಶುಲ್ಕ ಇಳಿಸಬೇಕೆಂಬ ಮನವಿಗೆ ಪ್ರಕಾಶಕರು ಒಪ್ಪದಿದ್ದಾಗ, ಒಟ್ಟಾಗಿ ಎದ್ದು ಹೊರನಡೆದರು. ಇವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅವರ ಹಿಂದೆ ಹೋಗಲು ಕಿರಿಯ ಸಂಶೋಧಕರು ಹಿಂಜರಿದರೆ ನಾನು ಅವರನ್ನು ದೂರಲಾರೆ. ಹೊಸ ಜರ್ನಲ್‌ಗೆ ಮೊದಲ ವರ್ಷಗಳಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಇರುವುದಿಲ್ಲ. ಇಲ್ಲದಿದ್ದರೆ ನಿಮ್ಮ ಕಾಲಂ ಖಾಲಿ. ಕಾಲಂ ಖಾಲಿಯಾದರೆ ಕೆಲಸ ಇಲ್ಲ.

ಇದೇ ಪೆಟ್ಟನ್ನು ಇಲೈಫ್ ತಿಂದಿತು. ವಿಜ್ಞಾನಿಗಳೇ ನಡೆಸುವ ಆ ಜರ್ನಲ್ 2023ರಿಂದ, ಪರಿಶೀಲನೆಗೆ ಕಳುಹಿಸಿದ ಪ್ರತಿಯೊಂದು ಪ್ರಬಂಧವನ್ನೂ ಪರಿಶೀಲಕರ ಟಿಪ್ಪಣಿಗಳ ಜೊತೆಗೆ ಪ್ರಕಟಿಸತೊಡಗಿತು. ಪರಿಶೀಲನೆಯ ನಂತರ ಒಪ್ಪಿಗೆ, ತಿರಸ್ಕಾರ ಎಂಬ ಮುದ್ರೆ ಇಲ್ಲ. ಸಾಕ್ಷ್ಯ ಎಷ್ಟು ಗಟ್ಟಿ, ಎಲ್ಲಿ ಸಡಿಲ ಎಂಬುದನ್ನು ತಜ್ಞರು ಬರೆಯುತ್ತಾರೆ, ಓದುಗರು ಓದಿ ನಿರ್ಧರಿಸುತ್ತಾರೆ. ಸಾಮಾನ್ಯವಾಗಿ ಗುಟ್ಟಾಗಿ ಉಳಿದು ಕಸವಾಗುವ ಪರಿಶೀಲಕರ ಶ್ರಮ ಅಲ್ಲಿ ಎಲ್ಲರ ಆಸ್ತಿಯಾಗುತ್ತದೆ. 2024ರ ಕೊನೆಯಲ್ಲಿ, ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕ ಹಾಕುವ ಕ್ಲಾರಿವೇಟ್ ಕಂಪನಿ, ಈ ಪದ್ಧತಿ ತನ್ನ ನಿಯಮಕ್ಕೆ ಹೊಂದುವುದಿಲ್ಲವೆಂದು ಇಲೈಫ್‌ಗೆ ಆ ಅಂಕಿಯನ್ನು ನಿಲ್ಲಿಸಿತು. ವಿದ್ವತ್ತಿನ ಒಂದು ಹೊಸ ಪ್ರಯೋಗ ಬದುಕಬೇಕೇ ಬೇಡವೇ ಎಂಬುದರಲ್ಲಿ ಒಂದು ಖಾಸಗಿ ಕಂಪನಿಗೆ ಇಷ್ಟು ತೂಕ ಬಂದದ್ದು ಹೇಗೆ? ಆ ತೂಕ ಕೊಟ್ಟವರು ನೀವು. ಹಿಂದಕ್ಕೆ ತೆಗೆದುಕೊಳ್ಳಬಲ್ಲವರೂ ನೀವೇ.

ಈ ಎಲ್ಲದರ ನಡುವೆ ಕೇಳಿದ್ದನ್ನು ಮನುಷ್ಯರಂತೆ ಬರೆದುಕೊಡುವ ಯಂತ್ರಗಳು, ಅಂದರೆ ಭಾಷಾ ಮಾದರಿಗಳು, ಬಂದವು. 2023ರ ಆರಂಭದಲ್ಲಿ ಚಾಟ್‌ಜಿಪಿಟಿಯನ್ನು ಸಹಲೇಖಕ ಎಂದು ನಮೂದಿಸಿದ ಬರಹಗಳು ಕಾಣಿಸಿಕೊಂಡಾಗ ನೇಚರ್, ಸೈನ್ಸ್ ಎರಡೂ ಅದನ್ನು ನಿಷೇಧಿಸಿದವು. ಬರೆದದ್ದಕ್ಕೆ ಹೊಣೆ ಹೊರಲಾರದ್ದು ಲೇಖಕ ಆಗದು ಎಂಬ ಅವರ ಮಾತು ಸರಿ. 2024ರಲ್ಲಿ, ಯಂತ್ರ ಬಿಡಿಸಿದ ಅಸಂಬದ್ಧ ಇಲಿಯ ಚಿತ್ರ, ಅರ್ಥವಿಲ್ಲದ ಅಕ್ಷರಗಳ ಹೆಸರುಪಟ್ಟಿಯ ಸಮೇತ, ಪರಿಶೀಲನೆ ದಾಟಿ ಜರ್ನಲ್ ಒಂದರಲ್ಲಿ ಬಂದು ದಿನಗಳೊಳಗೆ ಹಿಂಪಡೆಯಬೇಕಾಯಿತು. ನಾನು ಯಂತ್ರದ ನೆರವನ್ನು ಪೂರ್ತಿ ವಿರೋಧಿಸುವವನಲ್ಲ. ತನ್ನದಲ್ಲದ ಭಾಷೆಯಲ್ಲಿ ಬರೆಯಬೇಕಾದ ಸಂಶೋಧಕರಿಗೆ ವಾಕ್ಯ ತಿದ್ದಿಕೊಳ್ಳಲು ಅದು ದೊಡ್ಡ ಆಸರೆ. ಇಷ್ಟು ದಿನ ಭಾಷೆಯ ಕಾರಣಕ್ಕೇ ಹಿಂದೆ ಉಳಿದವರ ಪಾಲಿಗೆ ಅದು ನ್ಯಾಯವೂ ಹೌದು. ನನ್ನ ಆತಂಕ ಇರುವುದು ಪ್ರಮಾಣದ ಬಗ್ಗೆ. ಹಿಂದೆ ನಕಲಿ ಪ್ರಬಂಧ ಬರೆಸಲು ಯಾರಿಗಾದರೂ ಹಣ ಕೊಡಬೇಕಿತ್ತು. ಈಗ ಆ ಖರ್ಚೂ ಉಳಿಯಿತು. ಸಂಖ್ಯೆಗೆ ಬಹುಮಾನ ಕೊಡುತ್ತಲೇ ಹೋದರೆ ಸಂಖ್ಯೆ ಮಿತಿಯಿಲ್ಲದೆ ಬೆಳೆಯುತ್ತದೆ, ಓದುವ ಮನುಷ್ಯರ ಸಂಖ್ಯೆ ಇದ್ದಷ್ಟೇ ಇರುತ್ತದೆ. ಪರಿಶೀಲಕರು ಬೇಸತ್ತು ಹಸ್ತಪ್ರತಿಯನ್ನು ಯಂತ್ರಕ್ಕೆ ಕೊಟ್ಟು ವರದಿ ಪಡೆಯತೊಡಗಿದರೆ, ಲೇಖಕರು ನಂಬಿ ಕೊಟ್ಟ ಗುಟ್ಟೂ ಹೋಯಿತು, ಓದೂ ಹೋಯಿತು.

ಹಾಗಿದ್ದರೆ ಏನು ಮಾಡಬೇಕು? ಬೇಕಾದ ಸಲಕರಣೆಗಳಲ್ಲಿ ಬಹುಪಾಲು ಆಗಲೇ ಇವೆ. ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಶುರುಮಾಡಿದ ಆರ್ಕೈವ್‌ನಿಂದ ಭೌತವಿಜ್ಞಾನಿಗಳು ಜರ್ನಲ್‌ನ ಪರಿಶೀಲನೆಗೆ ಮೊದಲಿನ ಪ್ರತಿಗಳನ್ನು, ಅಂದರೆ ಪ್ರಿಪ್ರಿಂಟ್‌ಗಳನ್ನು ಉಚಿತವಾಗಿ ಹಂಚಿಕೊಳ್ಳುತ್ತ ಬಂದಿದ್ದಾರೆ. ಜೀವವಿಜ್ಞಾನಿಗಳಿಗೆ 2013ರಿಂದ ಬಯೋಆರ್ಕೈವ್ ಇದೆ. ಪ್ರಯೋಗಕ್ಕೂ ಮೊದಲೇ ಪ್ರಶ್ನೆ ಮತ್ತು ವಿಧಾನವನ್ನು ಪರಿಶೀಲಿಸಿ, ಫಲಿತಾಂಶ ಏನೇ ಬಂದರೂ ಪ್ರಕಟಿಸುತ್ತೇವೆಂದು ಜರ್ನಲ್ ಮಾತು ಕೊಡುವ ಪದ್ಧತಿ 2013ರಲ್ಲಿ ಮಿದುಳು ವಿಜ್ಞಾನದ ಜರ್ನಲ್ ಕಾರ್ಟೆಕ್ಸ್‌ನಲ್ಲಿ ಆರಂಭವಾಗಿ ಅನೇಕ ಕಡೆ ಹಬ್ಬಿದೆ. ನನ್ನ ದೃಷ್ಟಿಯಲ್ಲಿ ಈ ಕಾಲದ ಅತ್ಯುತ್ತಮ ಸುಧಾರಣೆ ಇದು. ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿ 2015ರಲ್ಲಿ ವರದಿ ಕೊಟ್ಟವರ ಅನುಭವ ನೆನೆಯಿರಿ. ಮೂಲದಲ್ಲಿ ನೂರಕ್ಕೆ 97 ಅಧ್ಯಯನಗಳು ಸಂಖ್ಯಾಶಾಸ್ತ್ರದ ಪ್ರಕಾರ ಗಣನೀಯ ಫಲಿತಾಂಶ ತೋರಿಸಿದ್ದವು, ಮರುಪ್ರಯೋಗದಲ್ಲಿ ಹಾಗೆ ತೋರಿಸಿದ್ದು 36 ಮಾತ್ರ. 'ಏನೂ ಸಿಗಲಿಲ್ಲ' ಎಂಬ ಪ್ರಾಮಾಣಿಕ ಉತ್ತರಕ್ಕೆ ಅಂಕವಿಲ್ಲದಿದ್ದರೆ ಸಿಕ್ಕಂತೆ ತೋರಿಸುವ ಒತ್ತಡ ಸಹಜವಾಗಿಯೇ ಬರುತ್ತದೆ.

ನೀವು ಮಾಡಬಹುದಾದದ್ದನ್ನು ಮಾಡಿ ತೋರಿಸಿದವರೂ ಇದ್ದಾರೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯ ನೇಮಕಾತಿ ಮತ್ತು ಬಡ್ತಿಯಿಂದ ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನು ಕೈಬಿಡುವುದಾಗಿ 2021ರಲ್ಲಿ ಪ್ರಕಟಿಸಿತು. ಪ್ರಕಟಣೆಗೆ ನಗದು ಬಹುಮಾನ ಕೊಡುವುದನ್ನು ನಿಲ್ಲಿಸುವಂತೆ ಚೀನಾ ಸರ್ಕಾರ 2020ರಲ್ಲಿ ತನ್ನ ಸಂಸ್ಥೆಗಳಿಗೆ ಹೇಳಿತು. ಪ್ಯಾರಿಸ್‌ನ ಸೋರ್ಬೋನ್ ವಿಶ್ವವಿದ್ಯಾಲಯ, ಕ್ಲಾರಿವೇಟ್‌ನ ಉಲ್ಲೇಖಗಳ ದತ್ತಸಂಚಯವಾದ ವೆಬ್ ಆಫ್ ಸೈನ್ಸ್‌ನ ಚಂದಾವನ್ನು 2024ರಿಂದ ನಿಲ್ಲಿಸಿತು. ಗೇಟ್ಸ್ ಪ್ರತಿಷ್ಠಾನ 2025ರಿಂದ ಪ್ರಕಟಣಾ ಶುಲ್ಕ ಕೊಡುವುದನ್ನು ಬಿಟ್ಟು, ಪ್ರಿಪ್ರಿಂಟ್ ಹಾಕುವುದನ್ನು ಕಡ್ಡಾಯ ಮಾಡಿದೆ.

ನನ್ನ ಕೋರಿಕೆ ಇಷ್ಟು. ಮುಂದಿನ ನೇಮಕಾತಿಯ ಅಧಿಸೂಚನೆ ಹೊರಡುವ ಮೊದಲು ನಿಮ್ಮ ನಮೂನೆಯಿಂದ ಇಂಪ್ಯಾಕ್ಟ್ ಫ್ಯಾಕ್ಟರ್‌ನ ಕಾಲಂ ಮತ್ತು ಒಟ್ಟು ಅಂಕದ ಸಾಲನ್ನು ತೆಗೆದುಹಾಕಿ. ಅಭ್ಯರ್ಥಿಗಳು ತಾವೇ ಆರಿಸಿದ ಮೂರು ಬರಹಗಳನ್ನು ಮಾತ್ರ ಸಲ್ಲಿಸಲಿ. ಯಾವ ಭಾಷೆಯದ್ದಾದರೂ ಆಗಲಿ, ಪ್ರಿಪ್ರಿಂಟ್ ಆದರೂ ಆಗಲಿ, ಬೇರೆಯವರು ಬಳಸುತ್ತಿರುವ ದತ್ತಾಂಶದ ಸಂಗ್ರಹವಾದರೂ ಆಗಲಿ. ಪ್ರತಿ ಬರಹದಲ್ಲಿ ತಮ್ಮ ಕೈಕೆಲಸ ಯಾವುದು ಎಂದು ಅವರು ಒಂದು ಪುಟ ಬರೆಯಲಿ. ಸಮಿತಿಯ ಇಬ್ಬರು ಸದಸ್ಯರು ಆ ಮೂರನ್ನೂ ಓದಿ, ಓದಿದ್ದೇವೆಂದು ತಮ್ಮ ಅಭಿಪ್ರಾಯದ ಕೆಳಗೆ ಸಹಿ ಹಾಕಲಿ. ಸಮಯ ಸಾಲದು ಎನ್ನುವವರಿಗೆ ಮೂರರ ಮಿತಿಯೇ ಉತ್ತರ. ಅಭ್ಯರ್ಥಿ ಬೇರೆಯವರ ಹಸ್ತಪ್ರತಿಗಳನ್ನು ಶ್ರದ್ಧೆಯಿಂದ ಪರಿಶೀಲಿಸಿದ್ದರೆ, ಮರುಪ್ರಯೋಗ ಮಾಡಿದ್ದರೆ, ತನ್ನ ತಪ್ಪನ್ನು ಬಹಿರಂಗವಾಗಿ ತಿದ್ದಿದ್ದರೆ ಅದಕ್ಕೂ ನಮೂನೆಯಲ್ಲಿ ಜಾಗ ಇರಲಿ. ಅನುದಾನ ಕೊಡುವವರಲ್ಲಿ ಇನ್ನೊಂದು ಮಾತು: ಪ್ರಕಟಣಾ ಶುಲ್ಕವೆಂದು ತೆಗೆದಿಡುವ ಹಣದ ಒಂದು ಪಾಲನ್ನು ವಿದ್ವಾಂಸರೇ ನಡೆಸುವ ಶುಲ್ಕರಹಿತ ಜರ್ನಲ್‌ಗಳಿಗೆ ನೇರವಾಗಿ ಕೊಡಿ. ಅವುಗಳಲ್ಲಿ ಎಷ್ಟೋ ಜರ್ನಲ್‌ಗಳು ಒಬ್ಬಿಬ್ಬರು ಸಂಪಾದಕರ ಬಿಡುವಿನ ವೇಳೆಯಲ್ಲಿ ನಡೆಯುತ್ತಿವೆ, ಅವರು ನಿವೃತ್ತರಾದರೆ ನಿಂತುಹೋಗುತ್ತವೆ.

ಹೊಸ ನಮೂನೆಯನ್ನು ಒಂದು ನೇಮಕಾತಿಗಾದರೂ ಬಳಸಿ, ಯಾರು ಆಯ್ಕೆಯಾದರು, ಯಾವ ಬರಹಗಳ ಆಧಾರದ ಮೇಲೆ ಆಯ್ಕೆಯಾದರು ಎಂಬುದನ್ನು ಸಾರ್ವಜನಿಕವಾಗಿ ಪ್ರಕಟಿಸಿ. ಅದನ್ನು ಓದಿ ನಮ್ಮ ಅಭಿಪ್ರಾಯವನ್ನು ಹೆಸರಿನೊಂದಿಗೆ ಬರೆದು ಕಳುಹಿಸಲು ನನ್ನಂತಹ ಪರಿಶೀಲಕರು ಸಿದ್ಧರಿದ್ದೇವೆ.

ಇಂತಿ,
ನಿಮ್ಮ ವಿಶ್ವಾಸಿ,
ಒಬ್ಬ ಸಂಶೋಧಕ, ಪರಿಶೀಲಕ